ಮಾದಮ್ಮನ ಹೊಲದ ಒಣಸಾಲು

ಮಾಕವಳ್ಳಿ ಕಡೆಯ ಹೊಲದಲ್ಲಿ ಮಂಜು ಇನ್ನೂ ಕರಗಿಲ್ಲ. ಐವತ್ತರ ಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಗಿ ಕೂಳೆಯ ನಡುವೆ ಬರಿಗಾಲಲ್ಲಿ ಹೆಜ್ಜೆ ಎಣಿಸುತ್ತಾರೆ. ಸುತ್ತ ದಪ್ಪ ಕೂಳೆ. ಒಂದು ಸಾಲಿನಲ್ಲಿ ಮಾತ್ರ ಕಡ್ಡಿಯಷ್ಟು ಸಣ್ಣದು. ಹದಿನಾರು ಹೆಜ್ಜೆ, ದಾರ ಹಿಡಿದಷ್ಟು ನೇರ.

“ಇಲ್ಲೇ ಅಗೀಬೇಕು ಮಗ.”

“ಇವತ್ತೇ ಕೊನೆ ಕಣಮ್ಮ. ಸಂಜೆಗೆ ಸಿಗದಿದ್ರೆ ಗುಂಡಿ ಮುಚ್ಚಿ ಅಂದವ್ರೆ ಮೇಷ್ಟ್ರು,” ಎನ್ನುತ್ತಾಳೆ ಹಾರೆ ಹೊತ್ತ ವಿದ್ಯಾರ್ಥಿನಿ ಸುಮಯ್ಯ.

“ಸಂಜೆ ಆಗಕ್ಕೆ ಇನ್ನೂ ಟೇಮದೆ ಬುಡು.”

ಈ ಹೊಲದಡಿ ಹಳೆಯದೊಂದು ಬಸದಿ ಹೂತಿದೆ. ಕೆ.ಆರ್. ಪೇಟೆ ಕಾಲೇಜಿನ ಇಪ್ಪತ್ತೆರಡು ವಿದ್ಯಾರ್ಥಿಗಳು ತಮ್ಮ ಮೇಷ್ಟ್ರ ಜೊತೆ ಮೂರು ವಾರದಿಂದ ಅಗೆಯುತ್ತಿದ್ದಾರೆ. ಮೂರು ಗೋಡೆಗಳ ತಳಪಾಯ ಸಿಕ್ಕಿದೆ, ಮೂಡಲ ಗೋಡೆ ಸಿಕ್ಕಿಲ್ಲ. ಲೆಕ್ಕ ಹಾಕಿ ತೋಡಿದ ಎರಡು ಗುಂಡಿಯೂ ಬರಿದು. ಮಾದಮ್ಮನದು ಮಣ್ಣು ಹೊರುವ ಕೆಲಸ. ದಿನಕ್ಕೆ ಎಂಬತ್ತು ಮಂಕರಿ. ಹೊತ್ತದ್ದನ್ನೆಲ್ಲ ಜರಡಿ ಹಿಡಿಯುವವರೂ ಅವರೇ.

ಅಜ್ಜಿ ಕತೆಗಳಲ್ಲಿ ನೆಲದಡಿ ಹೊನ್ನಿನ ಕೊಪ್ಪರಿಗೆ ಇರುತ್ತದೆ, ಅದಕ್ಕೊಂದು ಸರ್ಪದ ಕಾವಲು. ಈ ನೆಲದಡಿ ಇದ್ದದ್ದು ಮಾದಮ್ಮನ ಮೇಲಿನ ಅಪವಾದ. ಮದುವೆಯಾಗಿ ಬಂದ ವರ್ಷ, ಹೊಸದಾಗಿ ಕೊಂಡ ಈ ಹೊಲಕ್ಕೆ ಮೊದಲ ಹಿಡಿ ರಾಗಿ ಬಿತ್ತಿದ್ದು ಅವರು. ಈ ಸಾಲು ಒಣಗಿತು. ಕೈಗುಣ ಸರಿಯಿಲ್ಲವೆಂದು ಅತ್ತೆ ಯಶೋದಮ್ಮ ಬೀಜದ ಪುಟ್ಟಿ ಕಿತ್ತುಕೊಂಡರು. ಇಪ್ಪತ್ತೆಂಟು ವರ್ಷ ಕಳೆ ಕಿತ್ತಿದ್ದಾರೆ, ಕುಯ್ದಿದ್ದಾರೆ, ಬಡಿದಿದ್ದಾರೆ, ಬಿತ್ತಿಲ್ಲ.

“ಅತ್ತೆ ಬಿತ್ತಿದ್ರೂ ಒಣಗ್ತು. ನೀನು ತುಳ್ದಿದ್ಕೆ ಅಂದ್ರು,” ಎಂದು ಮಾದಮ್ಮ ನಗುತ್ತಾರೆ. “ಮೊಸರು ಹೆಪ್ಪಾಗ್ದಿದ್ರೂ ನನ್ ಕೈಯೇ.”

ಮಧ್ಯಾಹ್ನ ಮೂರು ಗಂಟೆ. ಗುಂಡಿ ಮೊಣಕಾಲುದ್ದ ಇಳಿದಿದೆ. ಸುಮಯ್ಯಳ ಹಾರೆ ಠಣ್ಣೆನ್ನುತ್ತದೆ. ಮಾದಮ್ಮ ಹಾರೆ ಕಿತ್ತುಕೊಂಡು ಬೆರಳಲ್ಲೇ ಮಣ್ಣು ಸರಿಸುತ್ತಾರೆ. ಉಳಿಯೇಟಿನ ಗುರುತಿರುವ ಕಲ್ಲೊಂದು, ಅದಕ್ಕೆ ಅಂಟಿ ಇನ್ನೊಂದು, ಮತ್ತೊಂದು. ಒಣಸಾಲಿನಡಿ ಗೋಡೆ ನೇರ ಮಲಗಿದೆ.

ಮೇಷ್ಟ್ರು ಟೇಪು ಹಿಡಿದು ಓಡಿ ಬರುತ್ತಾರೆ. ಮಾದಮ್ಮ ಅತ್ತ ನೋಡುವುದಿಲ್ಲ. “ಓಗ್ ಮಗ, ನಮ್ಮತ್ತೇನ ಕರ್ಕೊಂಡ್ ಬಾ.”

ಸುಮಯ್ಯಳ ತೋಳು ಹಿಡಿದು ಬಂದ ಯಶೋದಮ್ಮ ಗುಂಡಿಯ ಅಂಚಲ್ಲಿ ನಿಲ್ಲುತ್ತಾರೆ. ಊರುಗೋಲಿಂದ ಕಲ್ಲನ್ನು ಎರಡು ಸಲ ತಟ್ಟುತ್ತಾರೆ.

“ಕಲ್ಲಾ?”

“ಕಲ್ಲೇ ಕಣತ್ತೆ. ಮೇಲೆ ಒಂದು ಮೊಳ ಮಣ್ಣು. ಬೇರು ಎಲ್ಲಿಗಿಳೀಬೇಕು?”

ಮುದುಕಿ ಇನ್ನೊಮ್ಮೆ ಕಲ್ಲು ತಟ್ಟಿ ನೋಡುತ್ತಾರೆ. “ಬೀಜದ ಪುಟ್ಟಿ ಅಟ್ಟದ ಮೇಲದೆ. ನಂಗೆ ಅತ್ತಕ್ಕಾಗಕಿಲ್ಲ. ನೀನೇ ಇಳಿಸ್ಕೊ,” ಎಂದು ಮನೆಯತ್ತ ತಿರುಗುತ್ತಾರೆ.

ಅಳತೆ, ಚಿತ್ರ ಮುಗಿದ ಮೇಲೆ ಗೋಡೆಯನ್ನು ಮತ್ತೆ ಮಣ್ಣಲ್ಲಿ ಮುಚ್ಚುತ್ತಾರೆ. ಮುಂದಿನ ರಾಗಿಯೂ ಇಲ್ಲಿ ಒಣಗುತ್ತದಲ್ಲ ಎಂದು ಸುಮಯ್ಯ ಕೇಳುತ್ತಾಳೆ. ಮಾದಮ್ಮ ತಲೆಯ ಮೇಲಿನ ಸಿಂಬಿ ಸರಿಮಾಡಿ ಮಂಕರಿ ಎತ್ತಿಕೊಳ್ಳುತ್ತಾರೆ.

“ಒಣಗಿದ್ರೆ ಒಣಗ್ಲಿ. ಮುಂಗಾರಿಗೆ ಮೊದಲ್ನೇ ಹಿಡಿ ನಂದೇ.”