ಬಿಳಿ ಲೇಸಿನ ಸಾಲಿನಲ್ಲಿ ಜೋವೆಲಿನ್

ನಮ್ಮ ಜೋವೆಲಿನ್ ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೆ ಒಂದು ಮೊಣಕಾಲು ಕುಣಿಯುತ್ತಿರುತ್ತದೆ, ಟಿವಿ ಮುಂದೆ ಕೂತರೆ ಕೈ ಏನನ್ನೋ ಹುಡುಕುತ್ತಿರುತ್ತದೆ, ಜೀಪ್ನಿ ಬಸ್ಸಿನಲ್ಲಿ ಕೂತರೆ ಪಕ್ಕದವರ ಮಡಿಲಿನ ಬುಟ್ಟಿ ಅಲ್ಲಾಡುವಷ್ಟು ಚಡಪಡಿಕೆ. "ಏನೇ ನಿಂಗೆ, ಚೇಳು ಕಡೀತಾ?" ಎಂದು ಗದರಿದರೆ, "ನಂಗೇ ಗೊತ್ತಿಲ್ಲ ಟೀಟಾ, ಮೈಯೊಳಗೆ ಯಾರೋ ಓಡಾಡ್ತಿದಾರೆ" ಎನ್ನುತ್ತಾಳೆ. ಟೀಟಾ ಅಂದರೆ ನಾನು, ಅವಳ ಅಪ್ಪನ ತಂಗಿ ಲೋಯ್ಡಾ. ಮನಿಲಾ ಪಕ್ಕದ ಮರಿಕಿನಾ ಮಾರುಕಟ್ಟೆಯ ಹಿಂದೆ ಹಳೇ ಬಟ್ಟೆಯ ಅಂಗಡಿ ನನ್ನದು. ಜಪಾನಿನಿಂದ, ಕೊರಿಯಾದಿಂದ ಬಂದ ಮೂಟೆ ಬಿಚ್ಚಿ ರಾಶಿ ಹಾಕುತ್ತೇನೆ, ಜನ ಕೆದಕಿ ಕೆದಕಿ ಬೇಕಾದ್ದನ್ನು ತೆಗೆಯುತ್ತಾರೆ.

ಹುಡುಗಿ ಕಪ್ಪು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಮ್ಮಣ್ಣ ಸಾಂಬಾಲೆಸ್‌ಗೆ ಕೆಲಸಕ್ಕೆಂದು ಹೋದವನು ಅಲ್ಲಿನ ಬೆಟ್ಟದ ಆಯ್ತಾ ಎಂಬ ಬುಡಕಟ್ಟಿನ ಹುಡುಗಿಯನ್ನು ಕಟ್ಟಿಕೊಂಡ. ತಾಯಿಯ ಬಣ್ಣ, ತಾಯಿಯ ಗುಂಗುರು ಕೂದಲು, ತಾಯಿಯ ದೊಡ್ಡ ಕಣ್ಣು, ಎಲ್ಲವನ್ನೂ ಹೊತ್ತು ಬಂದಳು ಇವಳು. ಹಾಗಂತ ನಾವೇನು ಹಾಲಲ್ಲಿ ತೊಳೆದವರಲ್ಲ. ಆದರೂ ನಮ್ಮ ಓಣಿಯಲ್ಲಿ ಅವಳಿಗಿಂತ ಒಂದು ಕೂದಲೆಳೆ ತಿಳಿಯಾಗಿದ್ದವರೂ ಅವಳನ್ನು "ನೆಗ್ರಾ" ಎಂದೇ ಕರೆದರು. ಬೆಳ್ಳಗಾಗಲೆಂದು ಪಪ್ಪಾಯಿ ಸೋಪು ತಂದುಕೊಟ್ಟವರೆಷ್ಟು, ಮೊಣಕೈಗೆ ಕಲಮಾನ್ಸಿ ನಿಂಬೆ ಉಜ್ಜು ಎಂದು ಬುದ್ಧಿ ಹೇಳಿದವರೆಷ್ಟು! ಕೇಳಿ ಕೇಳಿ ನನ್ನ ಕಿವಿಯೇ ತೂತಾಯಿತು. ಶಾಲೆ ಮುಗಿಸಿ ನನ್ನ ಮನೆಗೆ ಬಂದವಳು ಬೂಟಿನ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಹಚ್ಚುವ ಕೆಲಸ ಹಿಡಿದಳು. ಭಾನುವಾರ ನನ್ನ ಅಂಗಡಿಯಲ್ಲಿ ನಿಲ್ಲುತ್ತಿದ್ದಳು.

ಅಂಥ ಒಂದು ಭಾನುವಾರ ಮೂಟೆಯೊಳಗಿಂದ ಆ ಫ್ರಾಕು ಬಂತು. ಹಾಲಿನ ಕೆನೆಯ ಬಣ್ಣ, ಕತ್ತಿನಿಂದ ಮೊಣಕಾಲಿನವರೆಗೆ ಲೇಸು, ಗಂಟೆಯ ಹಾಗೆ ಉಬ್ಬಿದ ಲಂಗ. ಟೋಕಿಯೋದ ಹರಾಜುಕುವಿನಲ್ಲಿ ಹುಡುಗಿಯರು ಗಾಜಿನ ಪೆಟ್ಟಿಗೆಯ ಬೊಂಬೆಗಳ ಹಾಗೆ ಸಿಂಗರಿಸಿಕೊಂಡು ಬೀದಿ ಸುತ್ತುತ್ತಾರಲ್ಲ, ಆ ಬೊಂಬೆ ಉಡುಪು. ಒಂದು ತೋಳು ಹರಿದಿತ್ತು. ಕಿಟಕಿ ಪರದೆಗಾದರೂ ಆದೀತು ಎಂದು ನಾನು ಪಕ್ಕಕ್ಕೆ ಎಸೆದರೆ ಜೋವೆಲಿನ್ ಗಾಳಿಯಲ್ಲೇ ಹಿಡಿದಳು. ಒಳಗೆ ಹೋಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತವಳು ನಿಂತೇ ಇದ್ದಳು. ಮೊಣಕಾಲು ಕುಣಿಯಲಿಲ್ಲ, ಬೆರಳು ಆಡಲಿಲ್ಲ. ನನಗೆ ಗಾಬರಿಯೇ ಆಯಿತು.

"ಏನಾಯ್ತೇ?"

"ಸುಮ್ನಾಯ್ತು ಟೀಟಾ."

"ಏನು ಸುಮ್ನಾಯ್ತು?"

"ಒಳಗೆ ಓಡಾಡ್ತಿತ್ತಲ್ಲ, ಅದು. ಕೂತ್ಕೊಂಡ್ತು."

ಫ್ರಾಕನ್ನು ಅವಳಿಗೇ ಬಿಟ್ಟೆ. ಹರಿದ ತೋಳಿಗೆ, ಮೂಟೆಯಲ್ಲಿ ಬಂದಿದ್ದ ಹಳೇ ಮದುವೆ ಗೌನಿನ ಲೇಸು ಹೊಲಿದಳು. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಬಿಳಿ ಚರ್ಮ ಕೇಳಿ ತಂದು, ದಪ್ಪ ಅಟ್ಟೆಯ ಬೂಟು ತಾನೇ ಮಾಡಿಕೊಂಡಳು. ಗುಂಗುರು ಕೂದಲಿನ ಮೇಲೆ ದೊಡ್ಡ ರಿಬ್ಬನ್ ಕಟ್ಟಿ ಅವಳು ಓಣಿಗಿಳಿದ ದಿನ ಜನ ತುತ್ತು ಬಾಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಬಂದರು. ಸುಡುವ ಬಿಸಿಲಲ್ಲಿ ಮೂರು ಪದರದ ಲಂಗ ಉಟ್ಟು ಹೊರಟವಳನ್ನು ನೋಡದೆ ಇನ್ನೇನು ಮಾಡುತ್ತಾರೆ!

ಇಂಥ ಬೊಂಬೆಗಳದೇ ಒಂದು ಬಳಗ ಮನಿಲಾದಲ್ಲಿದೆ, ರೋಸಾಲ್ ಬಳಗ ಎಂದು. ರೋಸಾಲ್ ನಮ್ಮಲ್ಲಿ ಬಿಳೀ ಹೂವು. ಬಿಡುವಿನ ಭಾನುವಾರ ಪಾರ್ಕಿನಲ್ಲಿ ಸೇರಿ ಚಹಾ ಕುಡಿಯುವುದು, ಫೋಟೋ ತೆಗೆಸಿಕೊಳ್ಳುವುದು ಅವರ ಕೆಲಸ. ಜೋವೆಲಿನ್‌ಗೆ ಆ ಬಳಗಕ್ಕೆ ಸೇರಬೇಕು. ಬೇರೇನೂ ಬೇಡ, ಅದೊಂದೇ. ತನ್ನ ಹಾಗೇ ಉಡುವವರ ನಡುವೆ ಒಂದು ಸಲ ಕೂತು ಚಹಾ ಕುಡಿಯಬೇಕು ಎಂದು ಹಗಲೂ ಅದೇ ಜಪ, ಇರುಳೂ ಅದೇ ಜಪ. ಹೋಗಿ ಕೇಳಿದಳು. ಬಳಗದ ಮುಂದಾಳು ಮಾರಿಯೆಲ್ ಎಂಬ ಹುಡುಗಿ, ಪಿಂಗಾಣಿ ಬಟ್ಟಲಿನಂಥ ಬಿಳಿ ಮುಖದವಳು, ಇವಳನ್ನು ರಿಬ್ಬನ್ನಿನಿಂದ ಬೂಟಿನವರೆಗೆ ನೋಡಿ ಹೇಳಿದಳಂತೆ: "ಬಟ್ಟೆ ತುಂಬಾ ಚೆನ್ನಾಗಿದೆ. ಆದ್ರೆ ಗ್ರೂಪ್ ಫೋಟೋದಲ್ಲಿ ಎಲ್ರೂ ಒಂದೇ ಥರ ಕಾಣ್ಬೇಕಲ್ವಾ? ಒಂದೆರಡು ಶೇಡ್ ಬೆಳ್ಳಗಾಗಿ ಬಾ." ನನಗೆ ಮೈಯೆಲ್ಲ ಉರಿದುಹೋಯಿತು. ಮನುಷ್ಯರೇನು ಗೋಡೆಯಾ, ಶೇಡು ಬದಲಾಯಿಸೋದಕ್ಕೆ?

ಜೋವೆಲಿನ್ ಅದನ್ನೂ ಮಾಡಿ ನೋಡಿದಳು. ಒಂದು ಬೆಳಿಗ್ಗೆ ಕತ್ತಿನ ತನಕ ಬಿಳಿ ಕ್ರೀಮು ಹಚ್ಚಿ, ಮೇಲೆ ಪೌಡರ್ ಮೆತ್ತಿಕೊಂಡು ಹೊರಗೆ ಬಂದಳು. ಎದುರುಮನೆಯ ಬೇಬಾಂಗ್ ಬಟ್ಟೆ ಒಣಹಾಕುತ್ತಿದ್ದಳು. ಎಸ್ಪಾಸೋಲ್ ಅಂತ ನಮ್ಮದೊಂದು ತಿಂಡಿ ಇದೆ, ಕಂದು ಬಣ್ಣದ ಅಂಟು ಸಿಹಿ, ಮೇಲೆ ಅಕ್ಕಿಹಿಟ್ಟಲ್ಲಿ ಹೊರಳಿಸಿರುತ್ತಾರೆ. ಬೇಬಾಂಗ್ ಬಕೆಟ್ಟು ಕೆಳಗಿಟ್ಟು ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಎಸ್ಪಾಸೋಲ್ ಬಂತು, ಎಸ್ಪಾಸೋಲ್! ಬೇಗ ಕಾಫಿ ತನ್ರೋ!"

"ನಿನ್ ಮುಸುಡಿಗೆ ಹಿಟ್ಟು ಹಾಕಿದ್ರೆ ಹಿಟ್ಟೇ ಹೆದರಿ ಓಡುತ್ತೆ ಕಣೇ!" ಎಂದು ನಾನು ಕಿಟಕಿಯಿಂದ ತಿರುಗಿ ಕೊಟ್ಟೆ. ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜೋವೆಲಿನ್ನೂ ನಕ್ಕಳು. ಆಮೇಲೆ ನಲ್ಲಿಯ ಕೆಳಗೆ ಬಗ್ಗಿ, ಚರ್ಮ ಕಿತ್ತು ಬರುವ ಹಾಗೆ ಮುಖ ತಿಕ್ಕಿದಳು.

"ಸಾಕು ಬಿಡೇ, ಹೋಗ್ಲಿ."

"ಅವಳ ಮಾತಿಗಲ್ಲ ಟೀಟಾ. ಬಿಳಿ ಹಚ್ಚಿದ ತಕ್ಷಣ ಒಳಗಿರೋದು ಮತ್ತೆ ಓಡಾಡೋಕೆ ಶುರು ಮಾಡ್ತು. ನಾನು ಹೀಗೇ ಹೋಗ್ತೀನಿ. ಹೀಗೇ ತಗೊಳ್ಳಲಿ, ಇಲ್ಲಾಂದ್ರೆ ಬೇಡ."

ಬಳಗಕ್ಕೆ ಇನ್ನೊಂದು ಬಾಗಿಲಿತ್ತು. ವರ್ಷಕ್ಕೊಮ್ಮೆ ದೊಡ್ಡ ಮಾಲಿನಲ್ಲಿ ಜಪಾನಿ ಉಡುಪಿನ ಮೆರವಣಿಗೆ ನಡೆಯುತ್ತದೆ. ಅವತ್ತು ಬೊಂಬೆಗಳ ಸಾಲಿನಲ್ಲಿ ವೇದಿಕೆ ಹತ್ತಿ ನಡೆದವರೆಲ್ಲ ಬಳಗದವರೇ, ಯಾರೂ ಬೇಡ ಅನ್ನುವ ಹಾಗಿಲ್ಲ. ಅದು ಅವರದೇ ಕಟ್ಟುಪಾಡು. ಜೋವೆಲಿನ್ ಹೆಸರು ಕೊಟ್ಟಳು. ಆ ವಾರವಿಡೀ ಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ರಿಬ್ಬನ್ ಕಟ್ಟುವುದು, ಬಿಚ್ಚುವುದು, ಲೇಸು ಇಸ್ತ್ರಿ ಮಾಡುವುದು, ಮತ್ತೆ ಮಾಡುವುದು. ನಾನೂ ಜೊತೆಗೆ ಹೊರಟೆ, ಅವಳೊಬ್ಬಳನ್ನೇ ಕಳಿಸುವಷ್ಟು ಗಟ್ಟಿ ಗುಂಡಿಗೆ ನನಗಿಲ್ಲ.

ಮಾಲಿನಲ್ಲಿ ಮೇಜಿನ ಹಿಂದೆ ಕೂತಿದ್ದ ಹುಡುಗಿ ತಲೆಯೆತ್ತಿ ಇವಳ ಮುಖ ನೋಡಿದಳು, ಬಟ್ಟೆ ನೋಡಲೇ ಇಲ್ಲ.

"ಗಂಗುರೊ ಆ ಕಡೆ," ಎಂದು ಬಲಗಡೆಗೆ ಕೈ ತೋರಿಸಿದಳು.

ಗಂಗುರೊ ಅಂದರೆ ಇದು: ಜಪಾನಿನಲ್ಲಿ ಒಂದು ಕಾಲಕ್ಕೆ ಬೆಳ್ಳನೆಯ ಹುಡುಗಿಯರು ಬೇಕಂತಲೇ ಮುಖ ಕಂದು ಮಾಡಿಕೊಂಡು, ಕಣ್ಣ ಸುತ್ತ ಬಿಳಿ ಬಳಿದುಕೊಂಡು ತಿರುಗುತ್ತಿದ್ದರು. ಅದನ್ನು ನೋಡಿ ನಮ್ಮೂರಿನ ಬಿಳಿ ಹುಡುಗಿಯರೂ ಹಾಗೇ ಬಳಿದುಕೊಂಡು ಬಂದಿದ್ದರು.

"ನಾನು ಗಂಗುರೊ ಅಲ್ಲ. ಬೊಂಬೆ ಸಾಲಿಗೆ ಹೆಸರು ಕೊಟ್ಟಿದೀನಿ," ಎಂದಳು ಜೋವೆಲಿನ್.

"ಮತ್ತೆ ಮುಖಕ್ಕೆ ಕಂದು ಯಾಕೆ ಹಚ್ಚಿದೀಯ? ತಳ್ಳಾಡ್ಬೇಡ, ಹಿಂದೆ ಜನ ಇದಾರೆ. ಆ ಕಡೆ, ಆ ಕಡೆ."

ನಾನು ತೋಳೇರಿಸಿ ಮುಂದೆ ಹೋದೆ. ಅಷ್ಟರಲ್ಲಿ ಹಿಂದಿನವರು ನೂಕಿ ನೂಕಿ ನಮ್ಮನ್ನು ಬಲಗಡೆಯ ಸಾಲಿಗೆ ಸೇರಿಸಿಬಿಟ್ಟಿದ್ದರು. ಮುಂದೆ ನಿಂತಿದ್ದ ಹುಡುಗಿ ತಿರುಗಿದಳು. ಮುಖ ಕಂದು, ಕಿವಿ ಮಾತ್ರ ಬೆಳ್ಳಗೆ.

"ಅಬ್ಬಾ, ಬಣ್ಣ ಎಷ್ಟು ನೀಟಾಗಿ ಕೂತಿದೆ! ಕಿವಿ ಹಿಂದೇನೂ ಬಿಟ್ಟಿಲ್ವಲ್ಲೇ! ಯಾವ ಕಂಪನೀದು?"

"ನಮ್ಮಮ್ಮಂದು."

"ಅಮ್ಮ ಮೇಕಪ್ ಆರ್ಟಿಸ್ಟಾ?"

"ಇಲ್ಲ. ಸಾಂಬಾಲೆಸ್‌ನವಳು."

ಆ ಹುಡುಗಿಗೆ ಅರ್ಥವಾಗುವಷ್ಟರಲ್ಲಿ ಸಾಲು ವೇದಿಕೆಗೆ ನುಗ್ಗಿತ್ತು. ನಿರೂಪಕ ಬೋಯೆತ್ ಮೈಕು ಹಿಡಿದು ಒಬ್ಬೊಬ್ಬರನ್ನೇ ಚುಡಾಯಿಸುತ್ತಿದ್ದ. ಜೋವೆಲಿನ್ ಬಂದಾಗ ಕಣ್ಣರಳಿಸಿದ.

"ಅಯ್ಯಯ್ಯೋ, ಇವಳು ನೋಡ್ರಪ್ಪಾ! ಬಟ್ಟೆ ಬೊಂಬೇದು, ಬಣ್ಣ ಗಂಗುರೊದು! ಆದ್ರೆ ಏನು ಬಣ್ಣ ರೀ, ಒಂದು ಗೆರೆ ಇಲ್ಲ! ಇದು ಒರಿಜಿನಲ್ಲಾ ನೋಡೇಬಿಡೋಣ!"

ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು ಅವಳ ಕೆನ್ನೆಗೆ ಉಜ್ಜಿದ. ಜನ ನಕ್ಕರು. ಟಿಶ್ಯೂ ಎತ್ತಿ ತೋರಿಸಿದ, ಬೆಳ್ಳಗೇ ಇತ್ತು. ಇನ್ನೊಮ್ಮೆ, ಜೋರಾಗಿ ಉಜ್ಜಿದ. ಆಗಲೂ ಬೆಳ್ಳಗೇ. ನಗು ಅಲ್ಲಲ್ಲಿ ನಿಂತಿತು. ಬೋಯೆತ್ ಟಿಶ್ಯೂವನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕೈಗೆ ಅವನ ಜುಟ್ಟು ಸಿಕ್ಕಿದ್ದರೆ ಅವತ್ತೇ ಒಂದು ಗತಿ ಕಾಣಿಸುತ್ತಿದ್ದೆ. ವೇದಿಕೆಯ ಬುಡದಲ್ಲಿ ಕಾವಲಿನವನು ಅಡ್ಡ ನಿಂತಿದ್ದ, ಕೈ ಕೈ ಹಿಸುಕಿಕೊಂಡೆ.

ಜೋವೆಲಿನ್ ಮೈಕಿಗೆ ಬಗ್ಗಿದಳು.

"ಮುಗೀತಾ ಅಣ್ಣಾ? ಇದಕ್ಕಿಂತ ಹೋಗಲ್ಲ. ನಮ್ಮಜ್ಜಿ ನಿಂಬೆ ಉಜ್ಜಿದ್ರು, ಟೀಚರ್ ಸೋಪು ಕೊಟ್ರು, ಈಗ ನೀವೂ ನೋಡಿದ್ರಿ. ಇನ್ನಾದ್ರೂ ನನ್ ಸಾಲಿಗೆ ಹೋಗ್ಲಾ?"

"ಯಾವ... ಯಾವ ಸಾಲು ಮಗೂ ನಿಂದು?"

"ನೀವೇ ಹೇಳಿ ಮೈಕಲ್ಲಿ. ಆ ಮೇಜಿನ ಹುಡುಗಿಗೆ ನನ್ ಮಾತು ಕೇಳಿಸಲ್ಲ."

ಬೋಯೆತ್ ಮೈಕು ಬಾಯಿಗೆ ಹಿಡಿದ. "ಬೊಂಬೆಗಳ ಸಾಲು," ಎಂದ, ಮಾಲಿನ ಎಲ್ಲ ಅಂತಸ್ತಿಗೂ ಕೇಳಿಸುವಂತೆ.

ಆ ಸಾಲಿನಲ್ಲಿ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಕೊನೆಯಲ್ಲಿ ಹೋಗಿ ನಿಂತಳು. ಸಾಲು ಹೊರಟಾಗ ಅವಳೂ ನಡೆದಳು, ಕತ್ತು ನೆಟ್ಟಗಿಟ್ಟುಕೊಂಡು, ಯಾವ ಅವಸರವೂ ಇಲ್ಲದೆ. ಬಿಳಿ ಲೇಸಿನ ಮೇಲೆ ಆ ಕಪ್ಪು ಮುಖ ಎಷ್ಟು ಚೆಂದ ಕಂಡಿತೆಂದರೆ, ನಾನು ಅಲ್ಲೇ ನಿಂತು ಗೊಳೋ ಎಂದು ಅತ್ತೆ. ಬಹುಮಾನ ಬಂದದ್ದು ಬಿಳಿ ಕಿವಿಯ ಗಂಗುರೊ ಹುಡುಗಿಗೆ. ಕಂದು ಬಳಿದುಕೊಂಡವಳಿಗೆ ಹೊಳೆಯುವ ಟ್ರೋಫಿ, ಕಂದಾಗಿ ಹುಟ್ಟಿದವಳಿಗೆ ಒದ್ದೆ ಕಾಗದ. ಥೂ!

ಹೊರಡುವ ಮುಂಚೆ ಮುಖ ತೊಳೆಯಲೆಂದು ಹೆಂಗಸರ ಶೌಚಾಲಯಕ್ಕೆ ಹೋದೆವು. ಬೇಸಿನ್ನಿಗೆ ಬಗ್ಗಿ ಒಬ್ಬಳು ನಿಂತಿದ್ದಳು. ಬೆವರಿಗೆ ಬಣ್ಣ ಕರಗಿ ಹೋಗಿತ್ತೇನೋ, ಎಲ್ಲ ತೊಳೆದು ಹೊಸದಾಗಿ ಹಚ್ಚುವ ತಯಾರಿ. ನೀರು ಹಾಲಿನ ಹಾಗೆ ಹರಿಯುತ್ತಿತ್ತು. ಅವಳು ತಲೆಯೆತ್ತಿದಾಗ ಕನ್ನಡಿಯಲ್ಲಿ ಕಂಡದ್ದು ಬೊಂಬೆಗಳ ಸಾಲಿನ ಮುಂದೆ ನಡೆದಿದ್ದ ಮಾರಿಯೆಲ್. ಮುಖ ನಮ್ಮದೇ ಬಣ್ಣ, ಜೋವೆಲಿನ್‌ಗಿಂತ ಒಂದು ಚೂರು ಕಮ್ಮಿ, ಅಷ್ಟೇ. ನಮ್ಮನ್ನು ನೋಡಿ ಅವಳ ಕೈ ಟವೆಲ್ಲಿಗೆ ತಡಕಾಡಿತು. ಮುಚ್ಚಿಕೊಂಡು ಪ್ರಯೋಜನವಿಲ್ಲವೆಂದು ತಿಳಿದು ಸುಮ್ಮನಾಯಿತು.

"ಅಷ್ಟು ಜನರ ಮುಂದೆ ಹಾಗೆ ನಿಂತ್ಯಲ್ಲ, ಭಯ ಆಗ್ಲಿಲ್ವಾ?" ಎಂದು ಕೇಳಿದಳು.

"ಆಯ್ತು. ಈಗ್ಲೂ ಆಗ್ತಿದೆ."

ಮಾರಿಯೆಲ್ ಕನ್ನಡಿಯಲ್ಲೇ ಅವಳ ಮುಖ ನೋಡಿದಳು. ಆಮೇಲೆ ಬಿಳಿ ಕ್ರೀಮಿನ ಡಬ್ಬಿ ತೆರೆದು ಹಣೆಯಿಂದ ಶುರು ಮಾಡಿದಳು.

"ಬರೋ ಭಾನುವಾರ ಪಾರ್ಕಿಗೆ ಬಾ. ಸಾಲಲ್ಲಿ ನಡೆದಿದೀಯ, ನೀನೀಗ ನಮ್ಮವಳು."

"ಹೇಗೆ ಬರ್ಲಿ? ನಿಮ್ ಹಾಗಾ, ನನ್ ಹಾಗಾ?"

ಮಾರಿಯೆಲ್‌ಳ ಕೈ ನಿಂತಿತು. ಅರ್ಧ ಮುಖ ಬಿಳಿಯಾಗಿತ್ತು, ಅರ್ಧ ಹಾಗೇ ಇತ್ತು. ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಜೋವೆಲಿನ್ ನನ್ನ ರಟ್ಟೆ ಹಿಡಿದು ಒತ್ತಿದಳು.

"ನಿನ್ ಹಾಗೇ ಬಾ," ಎಂದಳು ಮಾರಿಯೆಲ್, ಕನ್ನಡಿಗೆ ಹೇಳುವ ಹಾಗೆ. "ನಮ್ಮಲ್ಲಿ ಒಬ್ಬಳಾದ್ರೂ ಹಾಗೆ ಬರ್ಲಿ."

ಉಳಿದರ್ಧಕ್ಕೂ ಬಿಳಿ ಹಚ್ಚಿಕೊಂಡು, ಕತ್ತಿನ ಅಂಚನ್ನು ಬೆರಳಿನಿಂದ ತೀಡಿ ಸರಿಮಾಡಿ, ಅವಳು ಹೊರಗೆ ಹೋದಳು.