ಲಕ್ಷ್ಮಿದೇವಮ್ಮ ಚುಚ್ಚಿದ ಬಾವುಟ

ನಮ್ಮ ಲಕ್ಷ್ಮಿದೇವಮ್ಮನ ಬಾಯಿ ಜೋರು. ಶಾಂತಿಗ್ರಾಮದ ಹತ್ತಿರದ ನಮ್ಮೂರಿನ ಡೇರಿಯಲ್ಲಿ, ಹಾಲಿಗೆ ನೀರು ಬೆರೆಸಿ ತಂದವರ ನೀರನ್ನು ಎಲ್ಲರೆದುರೇ ಇಳಿಸುತ್ತಿದ್ದಳು. ಅಂಥ ಹೆಂಗಸು ಮದುವೆ, ಸೀಮಂತದ ಮನೆಗಳಲ್ಲಿ ಮಾತ್ರ ತುಟಿ ಬಿಚ್ಚದೆ ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. ಗಂಡ ರಂಗಸ್ವಾಮಿ ಎಪ್ಪತ್ತೊಂದರ ಯುದ್ಧದಲ್ಲಿ ಮಡಿದಿದ್ದ. ವಿಧವೆ ಶುಭಕಾರ್ಯದಲ್ಲಿ ಮುಂದೆ ಬರಬಾರದು ಎಂಬುದು ಊರಿನ ಕಟ್ಟಳೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾರ್ಗಿಲ್ ಯುದ್ಧ ಮುಗಿದ ವರ್ಷ, ಡಿಸೆಂಬರ್ ಏಳರಂದು, ನಮ್ಮೂರಲ್ಲಿ ಮೊದಲ ಸಲ ಧ್ವಜ ದಿನಾಚರಣೆ ನಡೆಯಿತು. ಊರ ಯಜಮಾನ ಚನ್ನಪ್ಪ ಅರಳಿಕಟ್ಟೆಯ ಮುಂದೆ ಶಾಮಿಯಾನ ಹಾಕಿಸಿದ. ಹೊಳೆನರಸೀಪುರದಿಂದ ನಿವೃತ್ತ ಸುಬೇದಾರ್ ಯೋಗಾನರಸಿಂಹ ಬಂದರು. ಗಿರಿಧರ ಮೇಷ್ಟ್ರು ಪುಟ್ಟ ಬಾವುಟವೊಂದನ್ನು ಎತ್ತಿ ತೋರಿಸಿದರು.

"ಈ ದಿನ ಶುರುವಾಗಿದ್ದು ನಲವತ್ತೊಂಬತ್ತರಲ್ಲಿ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಇದನ್ನು ಎದೆಗೆ ಚುಚ್ಚಿಕೊಂಡು ಕೈಲಾದ್ದು ಕೊಡಿ. ಗಾಯಗೊಂಡ ಯೋಧರಿಗೆ, ನಿವೃತ್ತರಿಗೆ, ಮಡಿದವರ ಮನೆಯವರಿಗೆ ಸೇರುತ್ತೆ."

ಆಮೇಲೆ ಚನ್ನಪ್ಪ, ರಂಗಸ್ವಾಮಿಯ ಸಾವು ಊರಿಗೇ ಕೀರ್ತಿ ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದ. ಕೊನೆಗೆ, "ಸುಬೇದಾರ್ ಸಾಹೇಬರಿಗೆ ಮೊದಲ ಬಾವುಟ ಮುತ್ತೈದೆಯರ ಕೈಯಿಂದ" ಎಂದ.

ಹಿಂದೆ ಕೂತಿದ್ದ ಲಕ್ಷ್ಮಿದೇವಮ್ಮ ಎದ್ದಳು. ಜನರನ್ನು ಸರಿಸಿಕೊಂಡು ಬಾವುಟದ ತಟ್ಟೆಯ ಹತ್ತಿರವೇ ಬಂದು ನಿಂತಳು.

"ಸುಬಕಾರ್ಯ ಕಣಕ್ಕಾ, ನೀನು ಆಮ್ಯಾಲೆ ಬಾ" ಎಂದು ಚನ್ನಪ್ಪ ಪಿಸುಗುಟ್ಟಿದ. ಹಾಳು ಮೈಕು ಅದನ್ನೂ ಊರಿಗೆಲ್ಲ ಸಾರಿತು.

"ಯಾಕ್ಲಾ ಚನ್ನಪ್ಪಾ? ನನ್ ಗಂಡ ಸತ್ತಿದ್ದು ಊರ್ಗೇ ಕೀರ್ತಿ ಅಂತ ಈಗಿನ್ನೂ ಬಾಷ್ಣ ಮಾಡ್ದೆ. ಅವ್ರ ಸಾವು ಕೀರ್ತಿ ಆದ್ರೆ, ನಾನು ಎಂಗ್ಲಾ ಅಪಸಕುನ ಆದೆ?"

ಸುಬೇದಾರರು ಕಟ್ಟೆಯ ಮೇಲಿನ ಕುರ್ಚಿ ಬಿಟ್ಟು ಕೆಳಗಿಳಿದು ಬಂದು, ಆಕೆಯೆದುರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. "ಚುಚ್ಚಿ ತಾಯಿ" ಎಂದರು. ಆಕೆ ಅವರ ಎದೆಗೆ ಬಾವುಟ ಚುಚ್ಚಿದಳು. ನಮ್ಮೂರಲ್ಲಿ ಹುಟ್ಟಿದ್ದಕ್ಕೆ ನನಗೆ ಅಂದು ಆದಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಚನ್ನಪ್ಪನ ಸೊಸೆ ಪ್ರೇಮಕುಮಾರಿ ನಿಧಾನವಾಗಿ ನಡೆದು ಬಂದಳು. ತುಂಬಿದ ಬಸುರಿ. "ನಂಗೂ ಒಂದು ಚುಚ್ಚು ದೊಡ್ಡವ್ವ" ಎಂದಳು.

ಊರಿಗೇ ಹೆದರದ ಲಕ್ಷ್ಮಿದೇವಮ್ಮ ಆಗ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ಕಣವ್ವಾ. ಒಟ್ಟೇಲಿ ಕೂಸೈತೆ."

"ಅದ್ಕೇ ನಿನ್ ಕೈಯಿಂದ್ಲೇ ಬೇಕು" ಎಂದು ಪ್ರೇಮಕುಮಾರಿ ಆ ಕೈಯನ್ನು ಹಿಡಿದು ತನ್ನ ಸೆರಗಿನ ಮೇಲಿಟ್ಟುಕೊಂಡಳು.