ಗೋಪ್ಯ ಎಂದು ಬರೆದ ಕವರು

ಎರಡು ಸಾವಿರದ ಮೊದಲ ವರ್ಷಗಳಲ್ಲಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ನಮಗೆ ಮಾಹಿತಿ ಭದ್ರತೆ ಕಲಿಸಿದ ಲೆಕ್ಚರರ್ ಜಗತ್ತಿನಲ್ಲಿ ಯಾರನ್ನೂ ನಂಬದವರು. ಸಂದೇಶ ಹೊರಟಲ್ಲಿಂದ ಮುಟ್ಟುವಲ್ಲಿಯವರೆಗೆ ನಡುವೆ ಯಾರೋ ಒಬ್ಬ ಹೊಂಚು ಹಾಕಿರುತ್ತಾನೆ, ಅವನಿಗೆಂದೇ ಬೀಗ ಹಾಕಬೇಕು ಎಂದು ನೋಟ್ಸ್ ಹೇಳಿ ಬರೆಸುತ್ತಿದ್ದರು. ನಾವೂ ಬರೆಯುತ್ತಿದ್ದೆವು, ಅವರು ಹೇಳಿದ ಕಾಮಾ ಸಮೇತ. ಲ್ಯಾಬಿನ ಎಲ್ಲ ಕಂಪ್ಯೂಟರುಗಳ ಪಾಸ್‌ವರ್ಡ್ ಕಾಲೇಜಿನ ಹೆಸರೇ ಆಗಿತ್ತು. ಆದರೆ ಚಪ್ಪಲಿ ಹೊರಗೆ ಬಿಡದೆ ಒಳಗೆ ಕಾಲಿಟ್ಟವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ.

ನನಗೆ ಆ ವಿಷಯದ ಮೊದಲೆರಡು ಟೆಸ್ಟುಗಳಲ್ಲಿ ಇಪ್ಪತ್ತೈದಕ್ಕೆ ಆರು, ಏಳು. ಮೂರನೆಯದರಲ್ಲಿ ಹದಿಮೂರು ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಮುಂದೇನು ಎನ್ನುವುದನ್ನು ಮಸ್ಕತ್‌ನಲ್ಲಿದ್ದ ಮಾವ ಫೋನಿನಲ್ಲೇ ತೀರ್ಮಾನಿಸಿದ್ದರು: ಓದಿದ್ದು ಸಾಕು, ಮದುವೆ. ಹತ್ತು ದಿನ ಪಟ್ಟು ಹಿಡಿದು ಓದಿದೆ.

ಟೆಸ್ಟಿನ ದಿನ ಲೆಕ್ಚರರಿಗೆ ಕೆಂಗಣ್ಣಿನ ಅಂಟುಬೇನೆ. ಬಂಟ್ವಾಳದ ಮನೆಯಿಂದ ಹೊರಡುವ ಹಾಗಿರಲಿಲ್ಲ. ಇಂಥ ಹೊತ್ತಿಗೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು: ಪ್ರಶ್ನೆಪತ್ರಿಕೆಯನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದರು. ಔಷಧಿ, ಮಲ್ಲಿಗೆ, ಯಾರೋ ಮರೆತುಹೋದ ಕನ್ನಡಕ ಹೋಗುವ ಹಾಗೆಯೇ ಅದೂ ಹೊರಟಿತು. ಕವರಿನ ಮೇಲೆ ಕೆಂಪು ಶಾಯಿಯಲ್ಲಿ ‘ಮೂರನೇ ಟೆಸ್ಟ್, ಪ್ರಶ್ನೆಪತ್ರಿಕೆ, ಗೋಪ್ಯ’. ಕಳ್ಳನಿಗೆ ಹುಡುಕುವ ಕಷ್ಟವೂ ಬೇಡ. ಬಾಯಿಗೆ ನಾಲ್ಕು ಸ್ಟೇಪ್ಲರ್ ಪಿನ್ನು.

ಸಿದ್ಧಕಟ್ಟೆಯಲ್ಲಿ ನಾನು ಅದೇ ಬಸ್ಸು ಹತ್ತಿದೆ. ಕಂಡಕ್ಟರಿಗೆ ನನ್ನದು ದಿನಾ ನೋಡಿದ ಮುಖ.

“ನೀನು ಅದೇ ಕಾಲೇಜಲ್ವಾ? ಇದನ್ನು ಆಫೀಸಲ್ಲಿ ಕೊಡು ಮಾರಾಯ್ತಿ, ನಮಗೆ ಟೈಮಿಲ್ಲ,” ಎಂದು ಕವರನ್ನು ನನ್ನ ಕೈಗಿಟ್ಟ.

ಒಯ್ದು ಆಫೀಸಿನಲ್ಲಿ ಕೊಟ್ಟೆ. ಮಧ್ಯಾಹ್ನ ಟೆಸ್ಟ್ ಬರೆದೆ. ಇಪ್ಪತ್ತೊಂದು ಬಂತು.

ಕಣ್ಣು ವಾಸಿಯಾಗಿ ಬಂದ ಲೆಕ್ಚರರ್ ನನ್ನನ್ನು ಕರೆಸಿದರು.

“ಆರು, ಏಳು ತೆಗೆದವಳಿಗೆ ಇಪ್ಪತ್ತೊಂದು ಹೇಗೆ ಬರ್ತದೆ?”

“ಓದಿದ್ದೇನೆ ಸರ್.”

“ಕವರ್ ತಂದದ್ದು ನೀನಂತೆ. ಬಿಚ್ಚಲಿಲ್ಲ ಅಂತ ಪುರಾವೆ ಉಂಟಾ?”

ಇರಲಿಲ್ಲ. ಆ ಕವರನ್ನು ಆಫೀಸಿನವರು ಹರಿದು ಬಿಸಾಡಿಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿಗೆ ಕೊಟ್ಟವರು ಇವರು, ಪುರಾವೆ ಕೊಡಬೇಕಾದವಳು ನಾನು! ಅಳುತ್ತಲೇ, “ಈಗಲೇ ಏನು ಬೇಕಾದ್ರೂ ಕೇಳಿ ಸರ್,” ಎಂದೆ. ಕೇಳಿದರು. ನೋಟ್ಸಿನಲ್ಲಿ ಇದ್ದದ್ದು, ಇಲ್ಲದ್ದು ಎಲ್ಲ ಕೇಳಿದರು. ಒಂದನ್ನೂ ಬಿಡದೆ ಹೇಳಿದೆ.

ಮರುದಿನ ಕ್ಲಾಸಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿದರು. “ಪತ್ರಿಕೆ ಕೈಯಲ್ಲೇ ಇದ್ದರೂ ಬಿಚ್ಚದವಳು ಇವಳು. ಇದಕ್ಕಿಂತ ದೊಡ್ಡ ಭದ್ರತೆ ಯಾವುದುಂಟು?” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ಸಿದ್ಧಕಟ್ಟೆಯಿಂದ ಮೂಡುಬಿದಿರೆಯ ತನಕ ನನ್ನ ಉಗುರು ಆ ಪಿನ್ನಿನ ಅಡಿಯಲ್ಲೇ ಇತ್ತು. ಬಸ್ಸು ತುಂಬಿ ತುಳುಕುತ್ತಿತ್ತು. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಕವರು. ತಿರುವು ಬಂದಾಗಲೆಲ್ಲ ಬೀಳದೆ ನಿಲ್ಲುವುದೇ ದೊಡ್ಡ ಕೆಲಸ. ದಾರಿಯಲ್ಲಿ ಒಂದು ಸೀಟು ಖಾಲಿಯಾಯಿತು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಕೂತುಬಿಟ್ಟಳು. ಆ ಸೀಟು ನನಗೆ ಸಿಕ್ಕಿದ್ದರೆ ಬಿಚ್ಚುತ್ತಿದ್ದೆ.